ವಿಮಾನದವರು ಕಂಡ ರಂಗೋಲೆ

ನಾನು ಚಿಕ್ಕವಳಿದ್ದಾಗ ನಮ್ಮೂರಿನ ದನಗಳು ಮೇಯುತ್ತಿದ್ದ ಬಯಲನ್ನು ಮಿಲಿಟರಿಯವರು ವಿಮಾನ ಇಳಿಸಲು ತೆಗೆದುಕೊಂಡರು. ನಮ್ಮೂರು ಹಳೇಕೋಟೆಯಿಂದ ಗಾಡಿಯಲ್ಲಿ ಹೊರಟರೆ ಎತ್ತು ಬೆವರುವ ಮೊದಲೇ ಸಿಗುತ್ತಿದ್ದ ಬಯಲು ಅದು. ಆಗ ಎರಡನೇ ಮಹಾಯುದ್ಧದ ಕಾಲ. ಬರ್ಮಾದಲ್ಲಿ ಬಾಂಬು ಬಿದ್ದು, ಕಾಡು ಬೆಟ್ಟ ನಡೆದು ಜೀವ ಉಳಿಸಿಕೊಂಡು ಬಂದ ಕೆಲವು ಸಂಸಾರಗಳನ್ನು ಅಲ್ಲಿನ ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದರು. ಅವರಿಗೆ ಪೀಪಾಯಿಯಲ್ಲಿ ನೀರು ಹೊಡೆಯುವ ಕೆಲಸ ಅಪ್ಪನದು. ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತು ದಿನಾ ಹೋಗಿಬರುವ ಕೆಲಸ ನನ್ನದು. ಅದನ್ನು ಯಾರೂ ನನಗೆ ವಹಿಸಿರಲಿಲ್ಲ, ನಾನೇ ಹಚ್ಚಿಕೊಂಡದ್ದು.

ಹೋಗುತ್ತಿದ್ದದ್ದು ಅಕ್ಕನಿಗಾಗಿ. ನನಗೆ ಒಡಹುಟ್ಟಿದವರಿರಲಿಲ್ಲ. ಶೆಡ್ಡಿನಲ್ಲಿ ತಾಯಿಯ ಜೊತೆಗಿದ್ದ ಹನ್ನೆರಡು ವರ್ಷದ ತಮಿಳು ಹುಡುಗಿಯನ್ನು ಮೊದಲ ದಿನವೇ ಅಕ್ಕ ಎಂದುಬಿಟ್ಟೆ. ಅವಳ ತಂದೆ ಬರ್ಮಾದ ದಾರಿಯಲ್ಲೇ ತೀರಿಕೊಂಡಿದ್ದರಂತೆ. ನಮ್ಮ ಮಾತನ್ನು ಅವಳು ಕೆಲವೇ ತಿಂಗಳಲ್ಲಿ ಕಲಿತಳು, ಅದೂ ಬೈಗುಳ ಮೊದಲು! ಹರಳೆಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ನನಗೆ ಜಡೆ ಹಾಕುವಾಗ ಅವಳ ಬೆರಳು ಒಮ್ಮೆಯೂ ನೋಯಿಸುತ್ತಿರಲಿಲ್ಲ.

ಒಂದು ದಿನ ಶೆಡ್ಡಿನವರ ಮಾತು ಬಂದಾಗ ಅಮ್ಮ, "ಬಾಗ್ಲಲ್ಲಿ ಒಂದ್ ರಂಗೋಲೆ ಇಲ್ಲ, ಅದೇನ್ ಮನೇನಾ? ಇವತ್ತೋ ನಾಳೆಯೋ ಒಂಟೋಯ್ತಾರೆ ಬುಡು" ಎಂದಳು. ಹಾಗಾದರೆ ರಂಗೋಲೆ ಇಟ್ಟರೆ ಅದು ಮನೆಯಾಗುತ್ತದೆ, ಮನೆಯಾದರೆ ಅಕ್ಕ ಇಲ್ಲೇ ಉಳಿಯುತ್ತಾಳೆ. ನನ್ನ ಬುದ್ಧಿ ಓಡಿದ್ದು ಅಷ್ಟೇ.

ಮರುದಿನ ಬೆಳಗ್ಗೆ ರಂಗೋಲೆ ಪುಡಿಯನ್ನು ಲಂಗದಲ್ಲಿ ಕಟ್ಟಿಕೊಂಡು ಹೋದೆ. ಶೆಡ್ಡಿನ ಮುಂದಿನ ಆ ದೊಡ್ಡ ಅಂಗಳದ ಒಂದು ಮೂಲೆಗೂ ಅದು ಸಾಲದು. ಬಯಲಿನ ನಡುವೆ ಮಿಲಿಟರಿಯವರು ಸುಣ್ಣದ ಪುಡಿಯಲ್ಲಿ ದೊಡ್ಡ ಸುತ್ತು ಎಳೆದಿದ್ದರು. ಹೊಸ ಬಾಂಬುಗಳಿಗೆ ಮದ್ದಿನ ಬದಲು ಮರಳು ತುಂಬಿ, ವಿಮಾನದಿಂದ ಅದರ ಮೇಲೆ ಬೀಳಿಸಿ ಪರೀಕ್ಷೆ ಮಾಡುತ್ತಿದ್ದರು. ಉಳಿದ ಸುಣ್ಣದ ಚೀಲ ಶೆಡ್ಡಿನ ಹಿಂದೆಯೇ ಇತ್ತು. ಯಾರನ್ನೂ ಕೇಳದೆ ಡಬ್ಬದಲ್ಲಿ ತುಂಬಿಕೊಂಡು ಬಂದೆ.

"ಕೋಲಂ ಹಾಕಿ ವರ್ಸ ಆಯ್ತು ಕಣೆ" ಎಂದಳು ಅಕ್ಕ. ಅವರಲ್ಲಿ ರಂಗೋಲೆಗೆ ಕೋಲಂ ಎನ್ನುತ್ತಾರೆ. ಸಗಣಿ ನೀರು ಚಿಮುಕಿಸಿ, ಚುಕ್ಕಿ ಇಟ್ಟು, ಅವಳು ಎಳೆ ಸುತ್ತಿದಳು. ಅದರ ಸುತ್ತ ನಾನು ಅಗಲವಾದ ತಾವರೆ ದಳ ಬಿಟ್ಟೆ. ಸುಣ್ಣಕ್ಕೆ ಅಂಗೈ ಚುರುಗುಟ್ಟುತ್ತಿತ್ತು. ಒಳಗಿಂದ ಬಂದ ಅವಳ ತಾಯಿ ನಿಂತು ನೋಡಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಗ್ಗಿ, ನಾವು ಬಿಟ್ಟಿದ್ದ ಒಂದು ಎಳೆಯನ್ನು ತಾವೇ ಸೇರಿಸಿದರು. ಗೆದ್ದೆ ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ವಿಮಾನ ಬಂತು. ದಿನದಂತೆ ನಡುಬಯಲಿಗೆ ಹೋಗದೆ ನಮ್ಮ ಕಡೆಗೇ ತಿರುಗಿತು. ಮೇಲಿನಿಂದ ಅವರಿಗೆ ಕಂಡದ್ದು ಬೆಳ್ಳಗಿನ ದೊಡ್ಡ ಸುತ್ತು, ಅಷ್ಟೇ. ಅಪ್ಪ ಪೀಪಾಯಿ ಬಿಟ್ಟು ಕೂಗುತ್ತಾ ಓಡಿಬಂದು ನಮ್ಮಿಬ್ಬರನ್ನೂ ಎಳೆದುಕೊಂಡು ನೆಲಕ್ಕೆ ಬಿದ್ದ. ನೆಲ ನಡುಗಿತು. ಧೂಳು ಇಳಿದಾಗ ನೋಡಿದರೆ, ಶೆಡ್ಡಿನ ಗೋಡೆಯ ಪಕ್ಕದಲ್ಲೇ ಬಾಂಬು ಬಾಲದವರೆಗೆ ಹೂತುಹೋಗಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಕ್ಕನ ತಾಯಿ ಕಿವಿ ಮುಚ್ಚಿಕೊಂಡು ಕೂತವರು ಏಳಲೇ ಇಲ್ಲ. ಬಾಂಬು ಸಾಕೆಂದು ಅಷ್ಟು ದೂರ ನಡೆದು ಬಂದವರು ಅವರು.

ಜೀಪಿನಲ್ಲಿ ಅಧಿಕಾರಿ ಬಂದರು. ಅಪ್ಪ ನಮ್ಮ ಕಡೆ ತಿರುಗಿ, "ಯಾರವ್ವ ಇದ್ನ ಬುಟ್ಟಿದ್ದು?" ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅಧಿಕಾರಿಯ ಮುಂದೆ ಬಂದು, "ನಾನೇಯ ಸಾ. ಪಾಪ, ಇವಳಿಗೇನೂ ಗೊತ್ತಿಲ್ಲ" ಎಂದಳು. ತೆರೆದ ಬಾಯಿಯನ್ನು ನಾನು ಮುಚ್ಚಿಕೊಂಡೆ.

ಅಧಿಕಾರಿ ಬೈಯಲಿಲ್ಲ. ಪರೀಕ್ಷೆ ನಡೆಯುವ ಜಾಗದಲ್ಲಿ ಸಂಸಾರಸ್ಥರು ಇರಬಾರದು ಎಂದಷ್ಟೇ ಹೇಳಿದರು. ಮಧ್ಯಾಹ್ನಕ್ಕೆ ಎರಡು ಲಾರಿ ಬಂದವು. ಅಕ್ಕ ಹತ್ತುವ ಮುಂಚೆ ಬಿಚ್ಚಿಹೋಗಿದ್ದ ನನ್ನ ಜಡೆಯನ್ನು ಬಿಗಿಯಾಗಿ ಹೆಣೆದಳು. ಲಾರಿ ಹಾಸನದ ಕಡೆ ಹೋಯಿತು. ಅಲ್ಲಿಂದ ಎಲ್ಲಿಗೆ ಎಂದು ಅಪ್ಪನಿಗೂ ತಿಳಿಯಲಿಲ್ಲ. ಆ ಜಡೆಯನ್ನು ಬಿಚ್ಚಲು ನಾನು ಎಷ್ಟೋ ದಿನ ಅಮ್ಮನಿಗೆ ಬಿಡಲಿಲ್ಲ.

ಮಕ್ಕಳೇ, ನಿಮ್ಮ ಗೆಳತಿ ಶಾಲೆ ಬಿಟ್ಟು ದೂರದೂರಿಗೆ ಹೋದರೂ ಸಂಜೆಗೆ ಫೋನಿನಲ್ಲಿ ಮುಖ ತೋರಿಸುತ್ತಾಳೆ. ಜಗಳವಾಡಿದರೆ ಮಲಗುವ ಮೊದಲೇ ರಾಜಿ. ನಿಮ್ಮನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು, ನಿಜವಾಗಿ ಹೇಳುತ್ತೇನೆ. ಮೊನ್ನೆ ನೀವು, "ಅಜ್ಜಿ, ಅಕ್ಕನ ಹೆಸರು ಹೇಳು, ಹುಡುಕಿ ಕೊಡ್ತೀವಿ" ಎಂದು ಫೋನು ಹಿಡಿದು ಕೂತಿರಿ. ಹೆಸರು ನನಗೆ ಗೊತ್ತಿಲ್ಲ. ನಾನು ಕೇಳಿಯೇ ಇರಲಿಲ್ಲ. ಅಕ್ಕ ಎಂದರೆ ಸಾಕಾಗಿತ್ತು, ಅವಳು ತಿರುಗಿ ನೋಡುತ್ತಿದ್ದಳು.