ಮೊದಲ ಪಂಕ್ತಿಯಲ್ಲಿ ನನ್ನ ಎಲೆ

“ನಮ್ಮ ಕಾಲದಲ್ಲಿ ಇಂಥ ಕಾಯಿಲೆ ಎಲ್ಲಿತ್ತು?” ಎಂದು ಮೊನ್ನೆ ಯಾರೋ ನನ್ನ ಪೋಸ್ಟಿನ ಕೆಳಗೆ ಬರೆದಿದ್ದರು. ಮಂಗಳೂರಿನಲ್ಲಿತ್ತು ಸ್ವಾಮಿ. ಎಂಬತ್ತರ ದಶಕದಲ್ಲಿ, ಕದ್ರಿಯ ಹತ್ತಿರದ ಒಂದು ಅರ್ಚಕರ ಮನೆಯಲ್ಲಿ. ನನಗೇ ಇತ್ತು.

ಆಗ ಪಿಯುಸಿ. ಊಟ ಬಿಡುತ್ತಾ ಬಂದೆ. ಯಾಕೆ ಎಂದು ಕೇಳಬೇಡಿ, ಇವತ್ತಿಗೂ ಒಂದೇ ಸಾಲಿನ ಉತ್ತರ ನನ್ನಲ್ಲಿಲ್ಲ. ಅನ್ನ ಕಂಡರೆ ಹೆದರಿಕೆಯಾಗುತ್ತಿತ್ತು. ಬೇರೆ ಮನೆಯಾಗಿದ್ದರೆ ವಾರದೊಳಗೆ ಸಿಕ್ಕಿಬೀಳುತ್ತಿದ್ದೆ. ನಮ್ಮಲ್ಲಿ ಅದಕ್ಕೆ ಭಕ್ತಿ ಎಂಬ ಹೆಸರು ಸಿಕ್ಕಿತು. ಸೋಮವಾರ ಉಪವಾಸ, ಶನಿವಾರ ಒಪ್ಪತ್ತು, ಏಕಾದಶಿ, ಸಂಕಷ್ಟಿ. “ನಮ್ಮ ಹುಡುಗಿಯ ವ್ರತ ನೋಡಿ” ಎಂದು ಅಜ್ಜಿ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಉಳಿದ ದಿನ ಗಂಡಸರದ್ದು ಮೊದಲ ಪಂಕ್ತಿ. ಬಡಿಸಿದ ಹೆಂಗಸರು ಕೊನೆಗೆ, ಅಡುಗೆಮನೆಯಲ್ಲಿ. ಆ ಹೊತ್ತಿಗೆ ಯಾರು ಉಂಡರು, ಯಾರು ಬಿಟ್ಟರು ಎಂದು ನೋಡುವವರೇ ಇರಲಿಲ್ಲ.

ನಾನು ಕಾಲೇಜಿನ ಮೆಟ್ಟಿಲಲ್ಲಿ ತಲೆ ತಿರುಗಿ ಬಿದ್ದ ಮೇಲೆ ಅಮ್ಮ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಕ್ತ ನೋಡಿದರು, ಎಕ್ಸ್‌ರೇ ತೆಗೆದರು. ಕ್ಷಯ ಇಲ್ಲ, ಕಾಮಾಲೆ ಇಲ್ಲ. ಡಾಕ್ಟರು ಚೀಟಿಯಲ್ಲಿ ಟಾನಿಕ್ ಗೀಚಿದರು.

“ಅಡ್ಮಿಟ್ ಮಾಡುದಿಲ್ವಾ?” ಎಂದಳು ಅಮ್ಮ.

“ಎಂತಕ್ಕಮ್ಮ? ಕಾಯಿಲೆ ಇದ್ದವರೇ ಇಲ್ಲಿ ನೆಲದಲ್ಲಿ ಮಲಗಿದ್ದಾರೆ. ಇವಳದ್ದು ಹಟ. ಮದುವೆ ಮಾಡಿ, ಸರಿಯಾಗ್ತದೆ.”

“ಮದುವೆವರೆಗೆ ಹುಡುಗಿ ಉಳಿಬೇಕಲ್ಲ ಡಾಕ್ಟ್ರೇ!”

“ನೆಕ್ಸ್ಟ್!”

ಎರಡನೆಯ ಸಲ ಹೋದಾಗ ಬಾಗಿಲಲ್ಲಿ ಚೀಟಿ ಬರೆಯುವ ಗುಮಾಸ್ತನೇ ನಮ್ಮನ್ನು ವಾಪಸು ಕಳಿಸಿದ.

ಕದ್ರಿ ಗುಡ್ಡದ ಬದಿಯಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿದ್ದ ಒಬ್ಬ ಲೇಡಿ ಡಾಕ್ಟರು ಮಾತ್ರ ಅಮ್ಮನನ್ನು ಹೊರಗೆ ಕೂರಿಸಿ ನನ್ನ ಹತ್ತಿರ ಮಾತನಾಡಿದರು. ಆಮೇಲೆ ಅಮ್ಮನನ್ನು ಕರೆದು, ಇದು ಹಟವಲ್ಲ, ಕಾಯಿಲೆ, ಕೆಲವು ತಿಂಗಳು ನರ್ಸಿಂಗ್ ಹೋಮಿನಲ್ಲಿ ಇರಬೇಕು ಎಂದರು. ಖರ್ಚು ಕೇಳಿ ಅಮ್ಮನ ಮುಖ ಇಳಿಯಿತು. ಅಪ್ಪನಿಗೆ ದೇವಸ್ಥಾನದಿಂದ ಬರುತ್ತಿದ್ದದ್ದು ಅಕ್ಕಿ, ತೆಂಗಿನಕಾಯಿ, ಆರತಿ ತಟ್ಟೆಯ ಚಿಲ್ಲರೆ.

“ಅಷ್ಟು ದುಡ್ಡಿಗೆ ಅಲ್ಲಿ ಎಂತ ಮಾಡ್ತಾರೆ?”

“ಮದ್ದು ಕಡಿಮೆ. ಪ್ರತೀ ಊಟಕ್ಕೆ ಒಬ್ಬರು ಪಕ್ಕದಲ್ಲಿ ಕೂತುಕೊಳ್ತಾರೆ. ಬೈಯುದಿಲ್ಲ, ಅಂಗಲಾಚುದೂ ಇಲ್ಲ. ಇವಳು ಮುಗಿಸುವವರೆಗೆ ಏಳುದಿಲ್ಲ, ಅಷ್ಟೆ.”

“ಏಳುದಿಲ್ಲ?”

“ಏಳಬಾರದು. ಅದೇ ಮುಖ್ಯ.”

“ಅದು ನಮ್ಮಲ್ಲಿ ಉಂಟು,” ಎಂದಳು ಅಮ್ಮ.

ಉಂಟು, ನಿಜ. ಪಂಕ್ತಿಯಲ್ಲಿ ಕೂತವರಲ್ಲಿ ಒಬ್ಬರ ಊಟ ಮುಗಿಯದಿದ್ದರೂ ಉಳಿದವರು ಏಳುವಂತಿಲ್ಲ. ನಮ್ಮ ಮನೆಯಲ್ಲಿ ಎಂಥ ಅವಸರಕ್ಕೂ ಆ ನಿಯಮ ಮುರಿದದ್ದಿಲ್ಲ. ಮುಂದಿನ ಸೋಮವಾರ ಮಧ್ಯಾಹ್ನ ಅಮ್ಮ ಅಪ್ಪನ ಪಕ್ಕದಲ್ಲೇ ಇನ್ನೊಂದು ಎಲೆ ಹಾಕಿ ನನ್ನನ್ನು ಕೂರಿಸಿದಳು.

ಅಜ್ಜಿ ಬಾಗಿಲಲ್ಲೇ ನಿಂತರು. “ಹೆಣ್ಣು ಹುಡುಗಿ ಮೊದಲ ಪಂಕ್ತಿಯಲ್ಲಾ? ಇವತ್ತು ಅವಳಿಗೆ ಉಪವಾಸ ಬೇರೆ!”

“ಅವಳ ಉಪವಾಸ ಇನ್ನು ನಾನು ಮಾಡ್ತೇನೆ ಅತ್ತೆ.”

“ದೇವರು ನೋಡ್ತಾನೆ, ನೆನಪಿರ್ಲಿ.”

“ನೋಡ್ಲಿ. ಇಷ್ಟು ದಿನ ಯಾರೂ ನೋಡ್ಲಿಲ್ಲ.”

ಅವತ್ತು ಚಿಕ್ಕಪ್ಪನೂ ಊಟಕ್ಕಿದ್ದರು. ಅವರದ್ದು ಮಜ್ಜಿಗೆ ಅನ್ನ ಮುಗಿಯಿತು, ಅಪ್ಪನದ್ದೂ ಮುಗಿಯಿತು. ನನ್ನ ಎಲೆಯಲ್ಲಿ ಸಾರಿನ ಅನ್ನ ಹಾಗೇ ಇತ್ತು. ಇಬ್ಬರ ಕೈಯೂ ಒಣಗಿತು. ಚಿಕ್ಕಪ್ಪ ಬೆರಳಿಗಂಟಿದ ಅಗುಳನ್ನು ಕೆರೆಯುತ್ತಾ, “ಉಣ್ಣು ಮಾರಾಯ್ತಿ, ಪಂಪ್‌ವೆಲ್‌ನಲ್ಲಿ ನನ್ನ ಬಸ್ಸು ಹೋಗ್ತದೆ!” ಎಂದರು.

“ಅವಸರ ಮಾಡ್ಬೇಡ. ಬಸ್ಸು ಇನ್ನೊಂದು ಬರ್ತದೆ,” ಎಂದಳು ಅಮ್ಮ ನನಗೆ.

ಅಪ್ಪ ಒಣಗಿದ ಕೈಯನ್ನು ಎಲೆಯ ಮೇಲೆಯೇ ಇಟ್ಟುಕೊಂಡು ಕೂತರು. ಏಳಲಿಲ್ಲ.

ಪ್ರೀತಿ ಕಂಡು ಕರಗಿ ಉಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಉಂಡದ್ದು ಸಿಟ್ಟಿನಲ್ಲಿ. ಅಮ್ಮನನ್ನು ಮನಸ್ಸಿನಲ್ಲೇ ಶಪಿಸುತ್ತಾ, ಮೂಗು ಒರೆಸಿಕೊಳ್ಳುತ್ತಾ, ಈ ಚಿಕ್ಕಪ್ಪ ಒಮ್ಮೆ ಎದ್ದು ಹೋಗಲಿ ಎಂದು ಉಂಡೆ. ಅಷ್ಟರಲ್ಲಿ ಅವರ ಎರಡನೆಯ ಬಸ್ಸೂ ಹೋಗಿತ್ತು.

ಹೀಗೆ ಒಂದು ವರ್ಷಕ್ಕೂ ಹೆಚ್ಚು. ಹದಿನೈದು ದಿನಕ್ಕೊಮ್ಮೆ ಲೇಡಿ ಡಾಕ್ಟರ ಹತ್ತಿರ ಹೋಗಬೇಕಿತ್ತು, ಅವರ ಫೀಸಿಗಾಗಿ ಅಮ್ಮ ಬೇಸಿಗೆಯಿಡೀ ಹಲಸಿನ ಹಪ್ಪಳ ಒತ್ತಿ ಮಾರಿದಳು. ನೆಂಟರು ನಮ್ಮಲ್ಲಿ ಮಧ್ಯಾಹ್ನದ ಊಟಕ್ಕೆ ನಿಲ್ಲುವುದನ್ನೇ ಬಿಟ್ಟರು. “ಒಳ್ಳೆದಾಯ್ತು, ಅಕ್ಕಿ ಉಳೀತು,” ಎಂದಳು ಅಮ್ಮ. ನಡುವೆ ನಾನು ಎರಡು ಸಲ ಮತ್ತೆ ಊಟ ಬಿಡುವುದಕ್ಕೆ ಜಾರಿದೆ. ಎರಡು ಸಲವೂ ಎಲೆ ಅದೇ ಜಾಗದಲ್ಲಿ ಬಿತ್ತು. ಒಂದು ದಿನ ಇದೊಂದೂ ಗೊತ್ತಿಲ್ಲದ ಯಾರೋ ಅತಿಥಿ ನಡುವೆ ಏಳಲು ಹೊರಟಾಗ ಅಡುಗೆಮನೆಯಿಂದ ಗದರಿದ್ದು ಅಮ್ಮನಲ್ಲ, ಅಜ್ಜಿ: “ಕೂತುಕೊಳ್ಳಿ! ಹುಡುಗಿಯದ್ದು ಇನ್ನೂ ಆಗ್ಲಿಲ್ಲ.”

ನಾನು ಉಳಿದೆ. ಈಗಲೂ ಕೆಲವು ದಿನ ತಟ್ಟೆಯ ಮುಂದೆ ಕೈ ನಿಲ್ಲುತ್ತದೆ. ಆದರೂ ಉಣ್ಣುತ್ತೇನೆ.

ಇದನ್ನು ಓದಿ ನನ್ನ ಅಮ್ಮನ ಬುದ್ಧಿಯನ್ನು ಹೊಗಳಲು ಬರಬೇಡಿ. ಎಲ್ಲ ಹುಡುಗಿಯರಿಗೂ ಅಂಥ ಅಮ್ಮ ಇರುವುದಿಲ್ಲ, ಕೈ ಒಣಗಿಸಿಕೊಂಡು ಕಾಯುವ ಅಪ್ಪನೂ ಇರುವುದಿಲ್ಲ. ಅವರಿಗೆಲ್ಲ ಆಗ ಬೇಕಾಗಿದ್ದದ್ದು ಒಂದು ಬೆಡ್, ಪಕ್ಕದಲ್ಲಿ ಕೂರುವ ಒಬ್ಬ ನರ್ಸ್. ಅದನ್ನು ಸರಕಾರಿ ಆಸ್ಪತ್ರೆ ಕೊಡಬೇಕಿತ್ತು. ಕೊಡಲಿಲ್ಲ.