ಮೂರು ಮುಷ್ಟಿ ಉಪ್ಪು, ಒಂದು ಡಬ್ಬಿ ಬಂಗುಡೆ

ಎರಡು ವರ್ಷದ ಹಿಂದೆ ನಾನು ಗಂಗೊಳ್ಳಿ ಬಂದರಿನಲ್ಲಿ ಒಣಮೀನು ಮಾಡುವ ಒಂದು ಚಿಕ್ಕ ಘಟಕದಲ್ಲಿ ಕೆಲಸಕ್ಕಿದ್ದೆ. ಮೈಕ್ರೋಬಯಾಲಜಿಯನ್ನು ಕಾಲೇಜಿನಲ್ಲಿ ಓದಿದವನಲ್ಲ; ಫೋನಿನಲ್ಲಿ ವಿಡಿಯೊ ನೋಡಿ, ಸಿಕ್ಕಿದ್ದನ್ನೆಲ್ಲ ಓದಿ ಕಲಿತವನು.

ಘಟಕ ಜಲಜಕ್ಕನದ್ದು. ಅವರ ಅತ್ತೆ ಮತ್ತು ನಾದಿನಿ ಸುಶೀಲಕ್ಕ ಅಲ್ಲೇ ದುಡಿಯುತ್ತಿದ್ದರು. ಬಿಪಿ ಇರುವವರು ಉಪ್ಪುಮೀನು ಬಿಡುತ್ತಿದ್ದುದರಿಂದ ವ್ಯಾಪಾರ ಇಳಿದಿತ್ತು. ಬ್ರಹ್ಮಾವರದ ಅಂಗಡಿಯವರು ಉಪ್ಪು ಕಡಿಮೆಯಿರುವ ಮೀನು ಕೇಳಿದ್ದರು. ನಾವು ಕಳಿಸುವ ಸ್ಯಾಂಪಲ್ ಅವರಿಗೆ ಹಿಡಿಸದಿದ್ದರೆ ಮಳೆಗಾಲಕ್ಕೆ ಘಟಕ ಮುಚ್ಚುವುದೆಂದು ಜಲಜಕ್ಕ ತೀರ್ಮಾನಿಸಿದ್ದರು.

ನಾನು ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ದಾರಿ ಹೇಳಿದೆ. ಇವು ಹಾಲನ್ನು ಮೊಸರು ಮಾಡುವ ಬಳಗದವು. ಸ್ವಚ್ಛಗೊಳಿಸಿದ ಬಂಗುಡೆಗೆ ಅನ್ನ, ಬೆಲ್ಲ, ಅಳತೆಯ ಉಪ್ಪು ಮತ್ತು ಲ್ಯಾಬಿನಿಂದ ತಂದ ಕಲ್ಚರ್, ಅಂದರೆ ಆ ಬ್ಯಾಕ್ಟೀರಿಯಾದ ಹೆಪ್ಪು, ಬೆರೆಸಿದರೆ ಅವು ಹುಳಿ ಹುಟ್ಟಿಸುತ್ತವೆ. ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಎಂಬ ಅಳತೆ ನಾಲ್ಕೂವರೆಗಿಂತ ಕೆಳಗಿಳಿದರೆ, ಕೆಡಿಸುವ ಕ್ರಿಮಿಗಳು ಬೆಳೆಯುವುದು ಕಷ್ಟ.

ಮೊದಲ ಡಬ್ಬಿಯನ್ನು ಅಲ್ಲೇ ಮುಚ್ಚಿಟ್ಟೆವು. ಕೆಲವು ದಿನ ಕಳೆದರೂ ಪಿಎಚ್ ಪೇಪರಿನ ಬಣ್ಣ ಬದಲಾಗಲೇ ಇಲ್ಲ; ಹುಳಿ ಹುಟ್ಟಿರಲಿಲ್ಲ.

"ಮಾಣಿ, ನಿನ್ನ ಹುಳ ಸತ್ತೇ ಹೋಯ್ತ್ ಕಾಣ್," ಎಂದರು ಜಲಜಕ್ಕ.

ಕಲ್ಚರ್ ಹಳೆಯದೇನೋ ಎಂದುಕೊಂಡು ಡಬ್ಬಿಯನ್ನು ಬಗ್ಗಿಸಿದೆ. ತಳದಲ್ಲಿ ಕರಗದ ಉಪ್ಪು ಮರಳಿನಂತೆ ಕೂತಿತ್ತು. ನಾನು ಹಾಕಿದ್ದು ಅಷ್ಟಿರಲಿಲ್ಲ. ಯಾರು ಹಾಕಿದ್ದೆಂದು ಕೇಳಿದೆ.

ಸುಶೀಲಕ್ಕ ಸೆರಗು ಸರಿಮಾಡಿಕೊಂಡರು. "ಉಪ್ಪಿಲ್ದೆ ಮೀನ್ ಹಾಳಾತ್ತ್ ಅಂದ್ಹೇಳಿ ನಾ ಒಂದ್ ಮುಷ್ಟಿ ಹಾಕ್ದೆ. ಎಂತ ಆಯ್ತ್ ಈಗ?"

ಅತ್ತೆಯೂ ಡಬ್ಬಿಯ ಪಕ್ಕ ಹಾದುಹೋಗುವಾಗ ಒಂದು ಮುಷ್ಟಿ ಎಸೆದಿದ್ದರಂತೆ. ಬಂದರಿನ ಮನೆಗಳಲ್ಲಿ ಹಾಗೆಯೇ. ಉಪ್ಪು ಬೀಳದ ಮೀನು ಕಂಡರೆ ಯಾರ ಕೈಯೂ ಸುಮ್ಮನಿರುವುದಿಲ್ಲ. ನಾನು ಜಲಜಕ್ಕನ ಮುಖ ನೋಡಿದೆ.

"ನಂಗೂ ಹೆದ್ರಿಕೆ ಆಯ್ತ್, ನಾನೂ ಒಂದ್ ಮುಷ್ಟಿ ಹಾಕ್ದೆ," ಎಂದರು ಅವರು. "ನೀ ಬೇಜಾರ್ ಮಾಡ್ಕಂತೆ ಅಂದ್ಹೇಳಿ ಹೇಳ್ಲಿಲ್ಲ."

ನಾಲ್ವರೂ ನಕ್ಕು ನಕ್ಕು ಸುಸ್ತಾದೆವು. ಆ ಉಪ್ಪಿನಲ್ಲಿ ಬ್ಯಾಕ್ಟೀರಿಯಾ ಬಾಯಿ ತೆರೆಯುವುದೂ ಕಷ್ಟವಿತ್ತು. ಆ ಡಬ್ಬಿ ಗುಂಡಿಗೆ ಹೋಯಿತು.

ಮರುದಿನ ಮೂವರನ್ನೂ ಕೂರಿಸಿ ಅಳತೆಯ ಕಾರಣ ಹೇಳಿದೆ, ಬೆರೆಸುವ ಕೆಲಸ ಅವರಿಗೇ ಬಿಟ್ಟೆ. ಅತ್ತೆ ಉಪ್ಪು ತೂಗಿದರು. ಈ ಸಲ ಪಿಎಚ್ ನಾಲ್ಕೂಕಾಲಿಗೆ ಇಳಿಯಿತು. ಇದೂ ಹಾಲು ಹೆಪ್ಪಾಗುವ ಹಾಗೆಯೇ ಎಂದು ಅತ್ತೆ ಬೀಗಿದರು. ಲ್ಯಾಬ್ ಪರೀಕ್ಷೆಯಲ್ಲೂ ಪಾಸಾದ ಮೇಲೆಯೇ, ಫ್ರಿಜ್ಜಿನಲ್ಲಿಟ್ಟಿದ್ದ ಸ್ಯಾಂಪಲ್ ಬ್ರಹ್ಮಾವರಕ್ಕೆ ಹೊರಟಿತು.

ಅಂಗಡಿಯವರು ಅದನ್ನು ಹುರಿದು ತಿಂದು ಜಲಜಕ್ಕನಿಗೆ ಫೋನ್ ಮಾಡಿದರು: "ಹುಳಿ ಲಾಯ್ಕ್ ಇತ್ತ್. ಮಳೆಗಾಲ ಪೂರ್ತಿ ಕಳ್ಸೂಕ್ ಆತ್ತಾ?"

ಬ್ಯಾಕ್ಟೀರಿಯಾವನ್ನು ಒಬ್ಬನೇ ಓದಿ ಕಲಿಯಬಹುದು. ಆದರೆ ಅದರಿಂದ ಕೆಲಸ ತೆಗೆಯಬೇಕಾದರೆ, ಅಲ್ಲಿ ಮೀನು ಮುಟ್ಟುವ ಎಲ್ಲ ಕೈಗಳಿಗೂ ಮೊದಲು ಅದರ ಪರಿಚಯ ಮಾಡಿಸಬೇಕು.