ಕೂಲಿಯವಳು ಇಟ್ಟ ಹೆಸರು

ಮರಗಸಿಗೆ ಇಬ್ಬರು ಬೇಕು. ಕಾಫಿಗೆ ನೆರಳು ಹೆಚ್ಚಾದ ಮರ ಹತ್ತಿ ಕೊಂಬೆ ಕಡಿಯುವವನೊಬ್ಬ. ಕಡಿದ ಕೊಂಬೆ ಗಿಡಗಳ ಮೇಲೆ ಧೊಪ್ಪನೆ ಬೀಳದಂತೆ ಕೆಳಗೆ ನಿಂತು ಹಗ್ಗ ಹಿಡಿಯುವವನೊಬ್ಬ. ಮೇಲಿನವನು ಕೆಳಗೆ ನೋಡಬಾರದು, ತಲೆ ತಿರುಗುತ್ತದೆ. ಅದಕ್ಕೇ ಕೆಳಗಿನವನು ಆಗಾಗ ಕೂಗುತ್ತಿರಬೇಕು. ಕೂಗು ಕೇಳಿಸಿದರೆ ಹಗ್ಗ ಕೈಯಲ್ಲಿದೆ ಎಂದು ಅರ್ಥ. ಎಲ್ಲರೂ 'ಹೂಂ, ಇದೀನಿ' ಎನ್ನುತ್ತಾರೆ. ಲಕ್ಕಯ್ಯ ಮಾತ್ರ ದೇವರ ಹೆಸರು ಕೂಗುತ್ತಿದ್ದ. ಒಮ್ಮೆ 'ಯೆಹೋವ ಯೀರೆ', ಸ್ವಲ್ಪ ಹೊತ್ತಿಗೆ 'ಯೆಹೋವ ಶಾಲೋಮ್'.

ಮರ ಹತ್ತುವ ಸುರೇಂದ್ರನಿಗೆ ಇದೊಂದು ತಮಾಷೆ. ಅವನು ಪಿಯುಸಿ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಸುಮ್ಮನೆ ಎದ್ದುಬಂದವನು. ಜೀವನದಲ್ಲಿ ತಾನು ಮೇಲೇರಿದ್ದು ಅಂತಿದ್ದರೆ ಮರ ಮಾತ್ರ ಎಂದು ತಾನೇ ಹೇಳಿಕೊಂಡು ನಗುತ್ತಿದ್ದ.

"ನಿಮ್ಮ ದೇವ್ರಿಗೆ ಎಷ್ಟು ಹೆಸ್ರು ಲಕ್ಕಯ್ಯಣ್ಣ? ನಂಗಿರೋದು ಒಂದು, ಅದನ್ನೂ ಹಾಜರಿ ಬರೆಯೋ ರೈಟರು 'ಸುರೇಶ' ಅಂತ ಬರ್ಕೊಳ್ತಾರೆ."

"ಹೆಸ್ರು ಬೇಕಾಗಿರೋದು ಅವನಿಗಲ್ಲ ಮಾರಾಯ, ನಮಗೆ. ಏನೂ ಗತಿ ಇಲ್ದಾಗ ಒಬ್ಬ 'ಯೀರೆ', ಒದಗಿಸೋನು, ಅಂತ ಕರ್ದ. ಹೆದ್ರಿಕೊಂಡೋನು ಇನ್ನೊಬ್ಬ 'ಶಾಲೋಮ್', ಸಮಾಧಾನ, ಅಂತ ಕರ್ದ. ಕಷ್ಟ ಬೇರೆ ಬೇರೆ. ಆಸಾಮಿ ಒಬ್ನೇ."

ಲಕ್ಕಯ್ಯ ಹುಟ್ಟಿದ್ದು ಮಲ್ಲಂದೂರಿನ ತೋಟದ ಕೂಲಿಯವರ ಲೈನ್ ಮನೆಯೊಂದರಲ್ಲಿ. ಮದುವೆಯಾದದ್ದು, ಈಗ ಮುದುಕನಾಗುತ್ತಿರುವುದು ಗೋಣಿಬೀಡಿನ ಆಚೆಯ ಈ ತೋಟದಲ್ಲಿ. ಅವನ ಕಣ್ಣೆದುರೇ ತೋಟ ಒಬ್ಬ ಯಜಮಾನರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಹೋಗಿತ್ತು. ಗೇಟಿನ ಮೇಲಿನ ಹೆಸರು ಬದಲಾಗಿತ್ತು. ಅರೇಬಿಕಾ ಕಿತ್ತ ಜಾಗಕ್ಕೆ ರೊಬಸ್ಟಾ ಬಂದಿತ್ತು. ಚೊಚ್ಚಲ ಮಗು ಜ್ವರದಲ್ಲಿ ಹೋದ ಮೇಲೆ ಹೆಂಡತಿ ಸಿದ್ದಮ್ಮ ಶೀಟಿನ ಮಾಡಿನ ಒಂದು ಪ್ರಾರ್ಥನಾ ಮನೆಗೆ ಹೋಗತೊಡಗಿದಳು. ಅವಳನ್ನು ಎಳೆದುಕೊಂಡು ಬರಲು ಸಿಟ್ಟಿನಲ್ಲಿ ಹೊರಟ ಲಕ್ಕಯ್ಯ, ಮಳೆ ಜೋರಾದ್ದರಿಂದ ಹಿಂದಿನ ಚಾಪೆಯ ಮೇಲೆ ಕೂರಬೇಕಾಯಿತು. ಅಂದು ಪಾದ್ರಿಗಳು ಬೈಬಲಿನ ಹಾಗರಳ ಕಥೆ ಹೇಳುತ್ತಿದ್ದರು. ಯಜಮಾನಿಯ ಕಾಟ ತಾಳಲಾರದೆ ಬಸುರಿ ಹೊಟ್ಟೆ ಹೊತ್ತು ಕಾಡಿಗೆ ಓಡಿಹೋದ ದಾಸಿ ಅವಳು. ನೀರಿನ ಬುಗ್ಗೆಯ ಹತ್ತಿರ ದೇವರು ಅವಳನ್ನು ಮಾತಾಡಿಸಿದ. ಅವಳು ಅವನಿಗೆ 'ಎಲ್ ರೋಯಿ' ಎಂದು ಹೆಸರಿಟ್ಟಳು. ನನ್ನನ್ನು ನೋಡುವ ದೇವರು.

"ಕೂಲಿಯವ್ಳು ದೇವ್ರಿಗೆ ಹೆಸ್ರಿಟ್ಳಾ?" ಎಂದು ಲಕ್ಕಯ್ಯ ಕೂತಲ್ಲಿಂದಲೇ ಕೇಳಿದ್ದ. "ಅವನು ಒಪ್ಕೊಂಡ್ನಾ?"

"ಒಪ್ಕೊಂಡ. ಇವತ್ತಿಗೂ ಆ ಹೆಸರು ಹಾಗೇ ಇದೆ" ಎಂದರು ಪಾದ್ರಿಗಳು.

ಸಿದ್ದಮ್ಮನನ್ನು ಎಳೆದುಕೊಂಡು ಬರುವ ಮಾತು ಅಲ್ಲಿಗೆ ನಿಂತಿತು. ಮುಂದಿನ ವಾರ ಇಬ್ಬರೂ ಹೋದರು. ಈ ಕಥೆಯನ್ನು ಅವನು ಸುರೇಂದ್ರನಿಗೆ ಎಷ್ಟೋ ಸಲ ಹೇಳಿದ್ದ, ಸುರೇಂದ್ರ ಆ ಹೆಸರನ್ನು ಅಷ್ಟೇ ಸಲ ಅಣಕಿಸಿದ್ದ.

ಈಗ ಒಂದು ದಿನದ ಸಂಗತಿ. ಮುಂಗಾರು ಇನ್ನೇನು ಹಿಡಿಯುವುದರಲ್ಲಿತ್ತು. ಉಳಿದ ಆಳುಗಳೆಲ್ಲ ಊಟಕ್ಕೆ ಲೈನಿಗೆ ಇಳಿದಿದ್ದರು. ಇದೊಂದು ಕೊಂಬೆ ಮುಗಿಸಿಬಿಡುತ್ತೇನೆಂದು ಸುರೇಂದ್ರ ಬಸರಿ ಮರದ ಮೇಲೆಯೇ ಉಳಿದ, ಹಗ್ಗ ಹಿಡಿದು ಲಕ್ಕಯ್ಯ ಕೆಳಗೆ. ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಒಂದು ಕಚ್ಚು ಹಾಕಿ ಆಮೇಲೆ ಮೇಲಿನಿಂದ ಕಡಿಯಬೇಕು, ಇಲ್ಲದಿದ್ದರೆ ಅದು ಸೀಳಿಕೊಂಡು ಕಡಿಯುವವನ ಮೇಲೇ ತಿರುಗುತ್ತದೆ. ಹೊಸ ಆಳುಗಳಿಗೆ ಇದನ್ನೇ ಅವನು ಹೋದ ವಾರ ಭಾಷಣ ಬಿಗಿದಿದ್ದ. ಇವತ್ತು ಬಗ್ಗಲು ಸೋಮಾರಿತನ, ಅಷ್ಟೇ.

ಕೊಂಬೆ ಸೀಳಿತು. ತಿರುಗಿ ಬಂದು ಅವನ ಎಡ ಮೊಣಕಾಲನ್ನು ಕಾಂಡಕ್ಕೆ ಒತ್ತಿ ನಿಂತಿತು. ಏಣಿ ಉರುಳಿತು. ಕತ್ತಿ ಮೆಣಸಿನ ಬಳ್ಳಿಯ ನಡುವೆ ಎಲ್ಲೋ ಬಿತ್ತು. ಕೊಂಬೆಗೆ ಕಟ್ಟಿದ್ದ ಹಗ್ಗ ಮೇಲಿನ ಕವಲನ್ನು ಬಳಸಿ ಲಕ್ಕಯ್ಯನ ಕೈಗೆ ಇಳಿದಿತ್ತು. ಅವನು ಜಗ್ಗಿ ಹಿಡಿದಿದ್ದರಿಂದಷ್ಟೇ ಕಾಲು ಇನ್ನೂ ಕಾಲಾಗಿತ್ತು.

"ಹಗ್ಗಾನ ಮರಕ್ಕೆ ಕಟ್ಟಿ ಓಡಿ ಲಕ್ಕಯ್ಯಣ್ಣ. ಯಾರನ್ನಾದ್ರೂ ಕರೀರಿ."

"ಕಟ್ಬೇಕಂದ್ರೆ ಒಂದು ಗೇಣು ಸಡ್ಲ ಬಿಡ್ಬೇಕು ಮಾರಾಯ."

ಆ ಒಂದು ಗೇಣು ತನ್ನ ಮೊಣಕಾಲು ಎಂದು ಸುರೇಂದ್ರನಿಗೆ ಹೊಳೆಯಿತು. ಇಬ್ಬರೂ ಸೇರಿ ಕೂಗಿದರು. ಲೈನು ಗುಡ್ಡದ ಆಚೆ. ಕಾಫಿ ಗಿಡಕ್ಕೆ ನೇತುಹಾಕಿದ್ದ ಸುರೇಂದ್ರನ ಅಂಗಿಯ ಜೇಬಿನಲ್ಲಿ ಮೊಬೈಲು ರಿಂಗಾಯಿತು, ರಿಂಗಾಗಿ ಸುಮ್ಮನಾಯಿತು. ಅಂಗಿ ಬೆವರಾಗಬಾರದೆಂದು ಬಿಚ್ಚಿಟ್ಟ ಶೋಕಿಲಾಲ ತಾನೇ.

ಹನಿ ಶುರುವಾಯಿತು. ಹಗ್ಗ ನೆನೆಯತೊಡಗಿತು. ಅದು ಲಕ್ಕಯ್ಯನ ಅಂಗೈಯಲ್ಲಿ ಇಷ್ಟಿಷ್ಟೇ ಜಾರುವುದು ಸುರೇಂದ್ರನಿಗೆ ಮೊಣಕಾಲಿನಲ್ಲಿ ಗೊತ್ತಾಗುತ್ತಿತ್ತು.

"ಯೆಹೋವ ಯೀರೆ" ಎಂದಿತು ಕೆಳಗಿನ ದನಿ.

"ನಿಮ್ಮ ದೇವ್ರು ಬಂದು ಹಗ್ಗ ಹಿಡೀತಾನಾ?" ಅವನಿಗೆ ನಗಿಸಬೇಕೆಂದಿತ್ತು. ದನಿ ಅಳುವವನ ಹಾಗೆ ಬಂತು.

"ಹಗ್ಗ ನಾನೇ ಹಿಡೀಬೇಕು. ನನ್ನ ಹಿಡಿಯೋದು ಅವನ ಕೆಲ್ಸ. ಮಾತಾಡಿಸ್ಬೇಡ, ಉಸ್ರು ಸಾಲಲ್ಲ."

ಮತ್ತೆ 'ಯೆಹೋವ ಶಾಲೋಮ್', 'ಎಲ್ ಶದ್ದಾಯ್', ಅಂದರೆ ಸರ್ವಶಕ್ತ. ಹೆಸರುಗಳ ನಡುವಿನ ಅಂತರ ದೊಡ್ಡದಾಗುತ್ತ ಹೋಯಿತು. ಆಮೇಲೆ ಕೂಗೇ ನಿಂತುಹೋಯಿತು.

ಎಲೆಗಳ ಮೇಲೆ ಮಳೆಯ ಸದ್ದು ಮಾತ್ರ. ಸುರೇಂದ್ರ ಕಾದ. ಕೆಳಗೆ ನೋಡಲು ಧೈರ್ಯ ಬರಲಿಲ್ಲ. ಮುದುಕ ಬಿದ್ದನೋ, ಕೈ ಸೋತನೋ. ಹಗ್ಗ ಸರಕ್ಕೆಂದು ಒಂದಿಷ್ಟು ಜಾರಿತು, ಕಣ್ಣು ಕತ್ತಲೆ ಬಂತು. ಅಜ್ಜಿ ಹೇಳಿಕೊಟ್ಟ ಮನೆದೇವರ ಹೆಸರು ಬಾಯಿಗೆ ಬರಬೇಕಿತ್ತು. ಬಂದದ್ದು ದಿನಾ ಅಣಕಿಸುತ್ತಿದ್ದ ಹೆಸರು.

"ಎಲ್ ರೋಯಿ" ಎಂದು ಕೂಗಿದ. "ಲಕ್ಕಯ್ಯಣ್ಣ, ಎಲ್ ರೋಯಿ. ನೋಡೋನು. ಆ ಕೂಲಿಯವ್ಳು ಇಟ್ಟಿದ್ದು."

ಇನ್ನೊಮ್ಮೆ ಕೂಗಿದ. ಆಗ ಕೆಳಗಿನಿಂದ, ಬಾವಿಯ ತಳದಿಂದ ಬಂದಂತೆ, "ಎಲ್ ರೋಯಿ" ಎಂದಿತು. ಹಗ್ಗ ಬಿಗಿಯಾಯಿತು.

ಅಲ್ಲಿಂದಾಚೆ ಮೇಲಿನವನು ಕೂಗುವುದು, ಕೆಳಗಿನವನು ಓಗೊಡುವುದು. ಸುರೇಂದ್ರನ ಬಾಯಿಗೆ ಬರುತ್ತಿದ್ದದ್ದು ಅದೊಂದೇ, ಅದನ್ನೇ ತಿರುಗಿಸಿ ತಿರುಗಿಸಿ ಕೂಗಿದ. ನಡುವೆ ಒಂದೆರಡು ಸಲ ಬಿಕ್ಕಿದ್ದೂ ಉಂಟು.

ಊಟಕ್ಕೂ ಬಾರದೆ ಫೋನೂ ಎತ್ತದ ಈ ಮಹಾಶಯನಿಗೆ ಬೈಯಲೆಂದೇ ಮೇಸ್ತ್ರಿ ಉಮೇಶ್ ಗುಡ್ಡ ಹತ್ತಿ ಬಂದದ್ದು. ಬೈಗುಳ ಬಾಯಲ್ಲೇ ಉಳಿಯಿತು. ಅವನು ಸಿಳ್ಳೆ ಹಾಕಿ ಆಳುಗಳನ್ನು ಕರೆದ. ನಾಲ್ಕು ಜನ ಹಗ್ಗಕ್ಕೆ ಕೈ ಹಾಕಿದರು, ಒಬ್ಬ ಏಣಿ ಹತ್ತಿ ಕೊಂಬೆ ಬಿಡಿಸಿದ. ಸುರೇಂದ್ರನನ್ನು ಇಳಿಸಿ ಗೋಣಿಯ ಮೇಲೆ ಮಲಗಿಸಿದರು. ಮೊಣಕಾಲು ಸೋರೆಕಾಯಿಯಂತೆ ಊದಿತ್ತು, ಆದರೆ ಬೆರಳು ಆಡುತ್ತಿದ್ದವು.

"ಬಿಡು ಲಕ್ಕಯ್ಯ, ಆಯ್ತು" ಎಂದ ಉಮೇಶ್.

"ಬಿಡಕ್ಕೆ ಬರ್ತಿಲ್ಲ ಮೇಸ್ತ್ರಿ."

ಅವನ ಬೆರಳುಗಳು ಹಗ್ಗದ ಸುತ್ತ ಸೆಟೆದುಕೊಂಡಿದ್ದವು. ಓಡಿಬಂದ ಸಿದ್ದಮ್ಮ ಪಕ್ಕದಲ್ಲಿ ಕೂತು ಒಂದೊಂದೇ ಬೆರಳು ಬಿಡಿಸಿದಳು. ಅಂಗೈಯ ಚರ್ಮ ಹಗ್ಗದ ಜೊತೆಗೇ ಬಂತು.

"ಯಾಕಣ್ಣ ನಡುವೆ ಸುಮ್ನಾಗಿಬಿಟ್ರಿ?" ಸುರೇಂದ್ರ ಮಲಗಿದಲ್ಲಿಂದ ಕೇಳಿದ. "ಜೀವ ಹೋಗಿತ್ತು ನಂಗೆ."

ಲಕ್ಕಯ್ಯ ನಾಚಿಕೊಂಡವನಂತೆ ತಲೆ ತಗ್ಗಿಸಿದ. "ಹೆಸ್ರೆಲ್ಲ ಮರ್ತೋಯ್ತು ಮಾರಾಯ. ಇಷ್ಟು ವರ್ಷ ಕೂಗಿದ್ದು, ಒಂದೂ ಬಾಯಿಗೆ ಬರ್ಲಿಲ್ಲ."

"ಆಮೇಲೆ?"

"ಆಮೇಲೇನು. ನಾನು ಮರ್ತೆ ಅಂತ ಅವನೇನು ಬೇರೆಯವನಾಗ್ಲಿಲ್ಲ. ಎಲ್ಲಿದ್ನೋ ಅಲ್ಲೇ ಇದ್ದ." ಹರಿದ ಅಂಗೈಯನ್ನು ಮಳೆಗೆ ಒಡ್ಡಿದ. "ನಿನ್ ಬಾಯಲ್ಲಿ ಸಿಕ್ಕಿದ."

ಸುರೇಂದ್ರ ಈ ಸಲ ನಗಿಸಲು ಹೋಗಲಿಲ್ಲ. ಆಸ್ಪತ್ರೆಗೆ ಒಯ್ಯುವ ಜೀಪು ಬರುವವರೆಗೂ ಆ ಕೈಗಳನ್ನೇ ನೋಡುತ್ತ ಮಲಗಿದ.